ಸಾಹಿತ್ಯ: ಜಾನಪದ, ಸಂಭಾವನೆ: ಶಾಲು

ಮೊನ್ನೆ ಒಂದು ಶನಿವಾರ ಫ್ರೆಂಡ್ಸ್ ಜೊತೆ ಮುತ್ತತ್ತಿಗೆ ಹೋಗಿದ್ದೆ. ಶನಿವಾರ ಅಂದ್ರೆ ಗೊತ್ತಲ್ಲ, ಮುತ್ತತ್ತಿರಾಯನ ಗುಡಿ ಹತ್ರ ಕಾಲಿಡೋಕೆ ಜಾಗ ಇರಲ್ಲ. ಹರಕೆ ತೀರಿಸೋಕೆ ಬಂದ ಹಳ್ಳಿಯವರು ಒಂದು ಕಡೆ, ಬೆಂಗಳೂರಿಂದ ಕಾರು ಬೈಕು ಹತ್ತಿ ಬಂದ ನಮ್ಮಂಥವರು ಇನ್ನೊಂದು ಕಡೆ. ಸೀತಮ್ಮನ ಮೂಗುತಿಯ ಮುತ್ತು ಇಲ್ಲಿ ಕಾವೇರಿಗೆ ಬಿತ್ತು, ಹನುಮಂತ ಅದನ್ನ ಎತ್ತಿಕೊಟ್ಟ, ಅದಕ್ಕೇ ಮುತ್ತೆತ್ತಿ, ಮುತ್ತತ್ತಿ ಆಯ್ತು ಅಂತ ಊರವರು ಹೇಳ್ತಾರೆ. ಡಾ. ರಾಜ್‌ಕುಮಾರ್ ಅವರಿಗೆ ಅಪ್ಪ ಅಮ್ಮ ಮುತ್ತುರಾಜ ಅಂತ ಹೆಸರಿಟ್ಟಿದ್ದು ಈ ದೇವರ ಹೆಸರಿಂದಲೇ.

ಗುಡಿಯಿಂದ ಸ್ವಲ್ಪ ದೂರದಲ್ಲಿ, ಮರದ ನೆರಳಲ್ಲಿ ಒಬ್ಬರು ಕೂತು ಹಾಡ್ತಿದ್ರು. ಒಂದು ಕೈಲಿ ತಂಬೂರಿ, ಇನ್ನೊಂದು ಕೈಲಿ ಗಗ್ಗರ. ದನಿ ಕೇಳಿದ ತಕ್ಷಣ ಯಾರು ಅಂತ ಗೊತ್ತಾಯ್ತು. ನಮ್ಮೂರ ಕಡೆಯವರೇ. ನಾನು ಸೀದಾ ಹೋಗಿ ಮಾತಾಡಿಸಬೇಕಿತ್ತು. ಅದು ಬಿಟ್ಟು ಟೀ ಅಂಗಡಿ ಹಿಂದಕ್ಕೆ ಹೋಗಿ ನಿಂತ್ಕೊಂಡೆ. ಯಾಕೆ ಅಂತ ಆಮೇಲೆ ಹೇಳ್ತೀನಿ.

ಅಷ್ಟರಲ್ಲಿ ಒಬ್ಬ ಹುಡುಗ ಅವರ ಮುಂದೆ ಮಂಡಿಯೂರಿ ಒಂದು ನಿಮಿಷ ವಿಡಿಯೋ ತೆಗೆದ, ಇಪ್ಪತ್ತು ರೂಪಾಯಿ ಇಟ್ಟ, ಟೀ ಅಂಗಡಿಗೆ ಬಂದ. ನನ್ನ ಪಕ್ಕದಲ್ಲೇ ಕೂತು ರೀಲ್ ಅಪ್‌ಲೋಡ್ ಮಾಡ್ದ. ಕ್ಯಾಪ್ಷನ್ ಏನು ಗೊತ್ತಾ? 'ರಾ ಫೋಕ್, ಮುತ್ತತ್ತಿ'. ತಡೆಯೋಕಾಗದೆ ಕೇಳ್ದೆ, "ಹೆಸರೇನಂತೆ?" ಅವನು ತಲೆ ಎತ್ತಿ, "ಯಾರ್ದು ಬ್ರೋ?" ಅಂದ.

ಆ ಹುಡುಗನನ್ನ ಬೈಯೋಕೆ ಇದನ್ನ ಬರೀತಿಲ್ಲ. ಅವನು ಕೊನೇಪಕ್ಷ ಇಪ್ಪತ್ತು ರೂಪಾಯಿ ಕೊಟ್ಟ. ನನ್ನ ಜಗಳ ಇರೋದು 'ಯಾರ್ದು?' ಅನ್ನೋ ಆ ಪ್ರಶ್ನೆ ಜೊತೆ. ಜಾನಪದ ಅಂತ ಒಂದು ಲೇಬಲ್ ಅಂಟಿಸಿಬಿಟ್ರೆ ಹಾಡೋನಿಗೆ ಹೆಸರು ಬೇಡ, ಊರು ಬೇಡ, ದುಡ್ಡೂ ಬೇಡ ಅಂತ ನಾವೆಲ್ಲ ಸೇರಿ ತೀರ್ಮಾನ ಮಾಡಿಬಿಟ್ಟಿದ್ದೀವಲ್ಲ, ಅದರ ಜೊತೆ.

ಮೊದಲು ಅವರ ಕೆಲಸ ಏನು ಅಂತ ನೋಡಿ. ಅವರು ನೀಲಗಾರರು. ಮಂಟೇಸ್ವಾಮಿ, ರಾಚಪ್ಪಾಜಿ, ಸಿದ್ದಪ್ಪಾಜಿ ಪರಂಪರೆಯ ದೀಕ್ಷೆ ತಗೊಂಡು ತಂಬೂರಿ ಹಿಡಿದವರು. ಹೆಚ್ಚಿನವರು ದಲಿತರು. ಜನವರಿ ಹುಣ್ಣಿಮೆಗೆ ಚಿಕ್ಕಲ್ಲೂರು, ಶಿವರಾತ್ರಿಗೆ ಕಪ್ಪಡಿ, ಆಮೇಲೆ ನಮ್ಮ ಮಳವಳ್ಳಿ ತಾಲೂಕಿನದೇ ಬೊಪ್ಪೇಗೌಡನಪುರ. ನಡುನಡುವೆ ಹರಕೆ, ತಿಥಿ, ಹೊಸ ಮನೆ ಅಂತ ಯಾರಾದ್ರೂ 'ಕತೆ' ಮಾಡಿಸಿದ್ರೆ ಆ ಊರು. ಕತೆ ಅಂದ್ರೆ ರಾತ್ರಿ ಊಟ ಆದ್ಮೇಲೆ ಶುರುವಾಗಿ ಕೋಳಿ ಕೂಗೋವರೆಗೆ. ಪುಸ್ತಕ ಇಲ್ಲ, ಚೀಟಿ ಇಲ್ಲ. ಜನ ತೂಕಡಿಸಿದ್ರೆ ನಗಿಸೋ ಮಾತು ಸೇರಿಸ್ತಾರೆ, ಹೆಂಗಸರು ಜಾಸ್ತಿ ಇದ್ರೆ ಸಂಕಮ್ಮನ ಸಾಲನ್ನ ಉದ್ದ ಎಳೀತಾರೆ, ಆ ಊರ ಕೆರೆ, ಆ ಊರ ಗೌಡ ಎಲ್ಲ ಕತೆಯೊಳಕ್ಕೆ ಬರ್ತವೆ. ಸ್ಥಳದಲ್ಲೇ ಪದ ಕಟ್ತಾರೆ. ಅಮೆರಿಕದಲ್ಲಿ ಗಿಟಾರ್ ಹೆಗಲಿಗೆ ಹಾಕ್ಕೊಂಡು ಊರೂರು ತಿರುಗ್ತಾ ಇದೇ ಕೆಲಸ ಮಾಡೋನನ್ನ ಸಿಂಗರ್-ಸಾಂಗ್‌ರೈಟರ್ ಅಂತೀವಿ, ಅವನ ತಿರುಗಾಟಕ್ಕೆ ಟೂರ್ ಅಂತೀವಿ, ಅವನ ಬದುಕಿಗೆ ಕೆರಿಯರ್ ಅಂತೀವಿ. ನಮ್ಮವರದಕ್ಕೆ ಮಾತ್ರ 'ಸಂಪ್ರದಾಯ'.

ಈಗ ನನ್ನ ತಪ್ಪಿಗೆ ಬರ್ತೀನಿ. ಆಫೀಸಲ್ಲಿ ನವೆಂಬರ್‌ನ ರಾಜ್ಯೋತ್ಸವ ಕಮಿಟಿಗೆ ನಾನೂ ಸೇರಿದ್ದೆ. ಯಾವ ಆಫೀಸು ಅನ್ನೋದು ಬೇಡ, ನಿಮ್ಮದೂ ಹಾಗೇ ಇರುತ್ತೆ. "ಏನಾದ್ರೂ ಅಥೆಂಟಿಕ್ ಆಗಿರ್ಲಿ" ಅಂದ್ರು. ನಾನು ಜಂಬದಿಂದ ನಮ್ಮ ತಂಬೂರಿಯಣ್ಣನ್ನ ಕರೆಸ್ತೀನಿ ಅಂದೆ. ಅವರು, ಜೊತೆಗೆ ಇಬ್ಬರು, ಸೇರಿ 15,000 ರೂಪಾಯಿ ಅಂತ ಮಾತಾಯ್ತು. ಡಿಜೆಗೆ 60,000, ಅದರಲ್ಲಿ ಅರ್ಧ ಅಡ್ವಾನ್ಸ್. ಅಡ್ವಾನ್ಸ್ ಇಲ್ಲದೆ ಡಿಜೆ ಸ್ಪೀಕರನ್ನೂ ಇಳಿಸಲ್ಲ. ನಮ್ಮವರು ಬೆಳಗ್ಗೆ ನಾಲ್ಕಕ್ಕೆ ಎದ್ದು ಸ್ವಂತ ದುಡ್ಡಲ್ಲಿ ಬಸ್ಸು ಹತ್ತಿ ಬಂದ್ರು.

ಅವರಿಗೆ ಸಿಕ್ಕಿದ್ದು ಏಳು ನಿಮಿಷದ ಸ್ಲಾಟು. ಹಾಡಿಗೆ ಎತ್ತಿಕೊಂಡಿದ್ದು ಸಿದ್ದಪ್ಪಾಜಿಯ ಹಲಗೂರು ಸಾಲು. ಮುತ್ತತ್ತಿಗೆ ಬರ್ತಾ ನೀವು ಟೀ ಕುಡಿಯೋಕೆ ನಿಲ್ಲಿಸ್ತೀರಲ್ಲ, ಅದೇ ಹಲಗೂರು. ಗುರುವಿನ ಅಪ್ಪಣೆ ಮೇಲೆ ಸಿದ್ದಪ್ಪಾಜಿ ಅಲ್ಲಿ ಕುಲುಮೆಯವರ ಹತ್ರ ಕಬ್ಬಿಣದ ಭಿಕ್ಷೆ ಕೇಳೋಕೆ ಹೋಗ್ತಾರೆ. ಅವರು ಸುಮ್ಮನೆ ಕೊಡಲ್ಲ, ಒಂದರ ಮೇಲೊಂದು ಪರೀಕ್ಷೆ ಒಡ್ತಾರೆ, ವಿಷ ಇಕ್ತಾರೆ. ನಮ್ಮ ಆಫೀಸಲ್ಲಿ ಸಿದ್ದಪ್ಪಾಜಿ ಇನ್ನೂ ಹಲಗೂರು ಬಾಗಿಲಿಗೇ ಬಂದಿರಲಿಲ್ಲ, ಆಂಕರ್ ಮೈಕ್ ತಗೊಂಡು "ಒಂದು ಜೋರಾದ ಚಪ್ಪಾಳೆ" ಅಂದ್ಬಿಟ್ಳು. ಶಾಲು ಹೊದಿಸಿದ್ವಿ, ಫೋಟೋ ತೆಗೆದ್ವಿ.

ದುಡ್ಡು? ವೆಂಡರ್ ರಿಜಿಸ್ಟ್ರೇಷನ್ ಆಗಬೇಕು ಅಂದ್ರು. ಪ್ಯಾನ್ ಕಾರ್ಡ್ ಕೊಟ್ರು. ಪ್ಯಾನಲ್ಲಿರೋ ಇನಿಷಿಯಲ್ಲು ಪಾಸ್‌ಬುಕ್ಕಲ್ಲಿ ಇಲ್ಲ, ಸರಿ ಮಾಡಿಸಿ ಅಂದ್ರು. ಮಾಡಿಸಿದ್ರು. ಜಿಎಸ್‌ಟಿ ಇಲ್ಲ ಅಂತ ಲೆಟರ್‌ಹೆಡ್ಡಲ್ಲಿ ಬರೆದುಕೊಡಿ ಅಂದ್ರು. ತಂಬೂರಿಯವರಿಗೆ ಲೆಟರ್‌ಹೆಡ್ ಎಲ್ಲಿಂದ ಬರಬೇಕು ಸ್ವಾಮಿ? ಹೀಗೇ ತೊಂಬತ್ತು ದಿನ ದಾಟಿತ್ತು. ಮುತ್ತತ್ತಿಯಲ್ಲಿ ಟೀ ಅಂಗಡಿ ಹಿಂದೆ ನಾನು ಬಚ್ಚಿಟ್ಟುಕೊಂಡಿದ್ದು ಇದಕ್ಕೆ.

ಈ ವಿಷಯ ಎತ್ತಿದಾಗೆಲ್ಲ ಮೂರು ಉತ್ತರ ಸಿಗ್ತವೆ.

ಒಂದು: "ಜಾನಪದ ಎಲ್ಲರದ್ದು ಅಲ್ವಾ?" ಹಾಡು ಎಲ್ಲರದ್ದು ಇರಬಹುದು. ಹಾಡಿದ್ದು ಎಲ್ಲರದ್ದಲ್ಲ. ಇದು ನನ್ನ ಭಾವುಕತೆ ಅಲ್ಲ, ನಮ್ಮ ದೇಶದ ಕಾನೂನು. 1957ರ ಕಾಪಿರೈಟ್ ಕಾಯ್ದೆಯಲ್ಲಿ ಪ್ರದರ್ಶಕ ಅಂದ್ರೆ ಯಾರು ಅಂತ ಪಟ್ಟಿ ಇದೆ. ಹಾಡುಗಾರ, ನಟ ಮಾತ್ರ ಅಲ್ಲ, ಜಾದೂಗಾರ, ಹಾವಾಡಿಗ ಕೂಡ ಅದರಲ್ಲಿದ್ದಾರೆ. ತನ್ನ ಪ್ರದರ್ಶನದ ಮೇಲೆ ಪ್ರದರ್ಶಕನಿಗೆ 50 ವರ್ಷ ಹಕ್ಕಿದೆ. 2012ರ ತಿದ್ದುಪಡಿ ಬಂದ ಮೇಲೆ ಅದನ್ನ ವ್ಯಾಪಾರಕ್ಕೆ ಬಳಸಿದ್ರೆ ರಾಯಲ್ಟಿಯೂ ಸಿಗಬೇಕು. ಮಂಟೇಸ್ವಾಮಿ ಕತೆಗೆ ಮಾಲೀಕರಿಲ್ಲ, ಒಪ್ಪಿದೆ. ಆದ್ರೆ ಅವತ್ತು ರಾತ್ರಿ ಆ ಗಂಟಲಿಂದ ಬಂದ ಆ ಹಾಡಿಗೆ ಇದ್ದಾರೆ.

ನಮ್ಮ ಫೀಲ್ಡಿನವರಿಗೆ ಇದನ್ನ ಬಿಡಿಸಿ ಹೇಳಬೇಕಾ? ಓಪನ್ ಸೋರ್ಸ್ ಅಂದ್ರೆ ಪುಕ್ಸಟ್ಟೆ ಕೋಡು. ಆದ್ರೂ ತುಂಬ ಧಾರಾಳವಾದ ಎಂಐಟಿ ಲೈಸೆನ್ಸ್ ಕೂಡ ಒಂದು ಷರತ್ತು ಹಾಕುತ್ತೆ: ಬರೆದವರ ಹೆಸರಿರೋ ನೋಟಿಸನ್ನ ಕೀಳಬೇಡಿ. ಕಿತ್ತರೆ ಲೀಗಲ್ ಟೀಮ್ ನಮ್ಮ ರಿಲೀಸನ್ನೇ ನಿಲ್ಲಿಸುತ್ತೆ. ಯಾವುದೋ ದೇಶದಲ್ಲಿ ಕೂತು ಹತ್ತು ಸಾಲು ಕೋಡ್ ಬರೆದವನ ಹೆಸರಿಗೆ ಇಷ್ಟು ಮರ್ಯಾದೆ ಕೊಡೋ ನಾವು, ರಾತ್ರಿಯಿಡೀ ಹಾಡಿದವರ ಹೆಸರಿನ ಜಾಗದಲ್ಲಿ 'ಜಾನಪದ' ಅಂತ ಬರೆದು ಕೈ ತೊಳ್ಕೊಳ್ತೀವಿ.

ಎರಡನೇ ಉತ್ತರ: "ಫ್ಯೂಷನ್ ಬ್ಯಾಂಡುಗಳು, ಸಿನಿಮಾದವರು ಹಾಡಿದ್ದಕ್ಕೇ ತಾನೇ ಯೂತ್‌ಗೆ ಇದೆಲ್ಲ ಗೊತ್ತಾಗಿದ್ದು?" ನಿಜ, ಮತ್ತೆ ನನಗೆ ಅವರ ಮೇಲೆ ಸಿಟ್ಟಿಲ್ಲ. ರಘು ದೀಕ್ಷಿತ್ 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಶೋನಲ್ಲಿ, 2011ರಲ್ಲಿ ಗ್ಲಾಸ್ಟನ್‌ಬರಿಯಲ್ಲಿ ಹಾಡಿದಾಗ ಎದೆ ಉಬ್ಬಿಸಿಕೊಂಡವರಲ್ಲಿ ನಾನೂ ಒಬ್ಬ. ನಮ್ಮ ಮಣ್ಣಿನ ಹಾಡು ಹಿಡ್ಕೊಂಡು ಲೋಕ ಸುತ್ತಿ ಬದುಕಬಹುದು ಅಂತ ಅವರು ತೋರಿಸಿಕೊಟ್ರು. ಅವರು ಹಾಡಿದ ಶಿಶುನಾಳ ಶರೀಫರ ಹೆಸರು ಉಳಿದಿದ್ದು ಹೇಗೆ ಯೋಚಿಸಿ. ಶರೀಫರು ತೀರಿಕೊಂಡಿದ್ದು 1889ರಲ್ಲಿ. ಅವರ ಪದದೊಳಗೇ ಶಿಶುನಾಳದ ಅಂಕಿತ ಇದೆ, ಕೀಳೋಕಾಗಲ್ಲ. ನೀಲಗಾರರು ಹಾಗಲ್ಲ, ಅಂಕಿತವನ್ನೂ ಗುರುವಿಗೇ ಬಿಟ್ಟುಕೊಟ್ಟವರು. ಆ ದೊಡ್ಡತನವನ್ನೇ ನಾವು 'ಇದಕ್ಕೆ ಯಾರೂ ದಿಕ್ಕಿಲ್ಲ' ಅಂತ ಓದ್ಕೊಂಡ್ವಿ. 2021ರಲ್ಲಿ 'ಗರುಡ ಗಮನ ವೃಷಭ ವಾಹನ'ದಲ್ಲಿ 'ಸೋಜುಗದ ಸೂಜು ಮಲ್ಲಿಗೆ' ಬಂದಾಗ ಥಿಯೇಟರ್‌ನಲ್ಲಿ ನಂಗೂ ರೋಮ ಎದ್ದು ನಿಂತಿತ್ತು. ಈ ಮಾದೇಶ್ವರನ ಪದವನ್ನ ಇಷ್ಟು ತಲೆಮಾರು ಜೀವಂತ ಇಟ್ಟವರಲ್ಲಿ ಒಬ್ಬರ ಹೆಸರು ಹೇಳಿ ಅಂದ್ರೆ, ಅವತ್ತು ಥಿಯೇಟರಲ್ಲಿದ್ದ ನಮ್ಮಲ್ಲಿ ಎಷ್ಟು ಜನ ಹೇಳ್ತಿದ್ವಿ?

ಅಮೆರಿಕದಲ್ಲೂ ಇದೇ ಆಗಿತ್ತು. ಬ್ಲೂಸ್ ಹುಟ್ಟಿದ್ದು ಗೌಡರ ಮನೆ ಜೀತದಂಥ ಹತ್ತಿ ತೋಟದ ದುಡಿಮೆಯಲ್ಲಿ, ಕಪ್ಪು ಜನರ ಬಾಯಲ್ಲಿ. ಲೆಡ್‌ಬೆಲ್ಲಿ ಅನ್ನೋ ಹಾಡುಗಾರನನ್ನ 1933ರಲ್ಲಿ ಜಾನಪದ ಸಂಗ್ರಹಕಾರ ಜಾನ್ ಲೋಮ್ಯಾಕ್ಸ್ ಜೈಲಲ್ಲಿ ರೆಕಾರ್ಡ್ ಮಾಡಿಕೊಂಡ. ಚಿಕ್ಕಪ್ಪಂದಿರಿಂದ ಕಲಿತ 'ಗುಡ್‌ನೈಟ್ ಐರೀನ್' ಅನ್ನೋ ಹಾಡನ್ನ ಲೆಡ್‌ಬೆಲ್ಲಿ ತನ್ನದಾಗಿ ಬೆಳೆಸಿದ್ದ. ಹಕ್ಕಿನ ಕಾಗದದಲ್ಲಿ ಅವನ ಹೆಸರಿನ ಪಕ್ಕ ಲೋಮ್ಯಾಕ್ಸ್ ಹೆಸರೂ ಸೇರಿಕೊಳ್ತು. 1949ರ ಡಿಸೆಂಬರಲ್ಲಿ ಲೆಡ್‌ಬೆಲ್ಲಿ ಸತ್ತ. 1950ರಲ್ಲಿ ವೀವರ್ಸ್ ಅನ್ನೋ ಬಿಳಿಯರ ತಂಡ ಅದನ್ನ ಹಾಡಿ ದೇಶಕ್ಕೇ ನಂಬರ್ ಒನ್ ಮಾಡ್ತು. ಇನ್ನು ವಿಲ್ಲಿ ಡಿಕ್ಸನ್. ಅವನು ಬರೆದ ಬ್ಲೂಸ್ ಹಾಡಿನ ಸಾಲುಗಳು ಲೆಡ್ ಜೆಪ್ಪೆಲಿನ್‌ನ 1969ರ 'ಹೋಲ್ ಲಾಟಾ ಲವ್' ಒಳಗೆ ಬಂದಿದ್ವು, ಹೆಸರು ಬಂದಿರಲಿಲ್ಲ. ಡಿಕ್ಸನ್ ಸುಮ್ಮನಿರಲಿಲ್ಲ. 1985ರಲ್ಲಿ ಕೇಸ್ ಹಾಕ್ದ, 1987ರಲ್ಲಿ ರಾಜಿ ಆಯ್ತು, ಹಾಡಿನ ಕೆಳಗೆ ಅವನ ಹೆಸರು ಬಂತು. ಅಷ್ಟಾಗಿ ಜೆಪ್ಪೆಲಿನ್ ಏನೂ ಮುಳುಗಿ ಹೋಗ್ಲಿಲ್ಲ. ಹೆಸರು ಹಾಕಿದ್ರೆ ಯಾರ ಗಂಟೂ ಹೋಗಲ್ಲ.

ಮೂರನೇ ಉತ್ತರ ನಂಗೆ ಎಲ್ಲಕ್ಕಿಂತ ಸಿಟ್ಟು ತರಿಸೋದು: "ಅವರು ಭಕ್ತಿಗೆ ಹಾಡೋರು, ದುಡ್ಡಿಗಲ್ಲ." ಹೀಗನ್ನೋರು ಒಕ್ಕಣೆ ಕಾಲದಲ್ಲಿ ಕಣದ ಹತ್ರ ನಿಂತಿಲ್ಲ. ನಾನು ನಿಂತಿದೀನಿ. ರಾಗಿ ಒಕ್ಕಣೆ ಆದ್ಮೇಲೆ ತಂಬೂರಿಯವರು ಬಂದ್ರೆ ನಮ್ಮಜ್ಜಿ ಮೊರದ ತುಂಬ ರಾಗಿ, ಮೇಲೊಂದಿಷ್ಟು ಅವರೆ ಹಾಕೋರು. ಅದು ದಾನ ಅಲ್ಲ, ಪಡಿ. ವರ್ಷವಿಡೀ ಹಾಡಿದ್ದಕ್ಕೆ ಲೆಕ್ಕ. ಕಮ್ಮಿ ಆದ್ರೆ ಅವರು ಕೇಳಿಯೇ ತಗೊಳ್ಳೋರು. ಆ ಪದ್ಧತಿಯನ್ನ ಹೊಗಳ್ತಿಲ್ಲ ನಾನು. ಅದೇ ಅಜ್ಜಿ ಅವರನ್ನ ಜಗಲಿ ಹತ್ತಿಸಿದ್ದು ನಾನು ನೋಡಿಲ್ಲ. ಇವತ್ತು ನಾವು ಅವರನ್ನ ಏಸಿ ಆಡಿಟೋರಿಯಂ ಒಳಗೆ ಕರೀತೀವಿ, ಸೋಫಾ ಮೇಲೆ ಕೂರಿಸ್ತೀವಿ, ಪಡಿ ಮಾತ್ರ ಮರೀತೀವಿ. ಅಜ್ಜಿ ಒಳಗೆ ಕರೀಲಿಲ್ಲ, ರಾಗಿ ಕೊಟ್ಟಳು. ನಾವು ಒಳಗೆ ಕರೆದ್ವಿ, ರಾಗಿ ಕೊಡಲಿಲ್ಲ.

ಹೆಸರು ಹಾಕೋದು ಆಗದ ಕೆಲಸವೇನಲ್ಲ. ಕ್ಯಾಸೆಟ್ ಕಾಲದಲ್ಲಿ ಆಗಿತ್ತು. ನಮ್ಮ ಕಡೆ ಟೀ ಅಂಗಡಿಗಳಲ್ಲಿ, ಟೆಂಪೋಗಳಲ್ಲಿ ಮಳವಳ್ಳಿ ಮಹದೇವಸ್ವಾಮಿ ಅವರ ದನಿ ಓಡ್ತಿತ್ತು. ಜನ ಅಂಗಡಿಗೆ ಹೋಗಿ ಸಿದ್ದಪ್ಪಾಜಿ ಕ್ಯಾಸೆಟ್ ಕೊಡಿ ಅಂತಿರಲಿಲ್ಲ, ಮಹದೇವಸ್ವಾಮಿ ಕ್ಯಾಸೆಟ್ ಕೊಡಿ ಅಂತಿದ್ರು. ಹೆಸರಿಂದ್ಲೇ ವ್ಯಾಪಾರ ಆಗ್ತಿತ್ತು. ಜೊತೆಗೆ ಹಾಡಿದವರೆಲ್ಲ 'ಮತ್ತು ಸಂಗಡಿಗರು' ಆಗಿಬಿಡ್ತಿದ್ರು ಅನ್ನೋದೊಂದು ಕೊರತೆ. ಪುಸ್ತಕದಲ್ಲೂ ಆಗಿದೆ. ಹೆಬ್ಬಣಿ ಮಾದಯ್ಯ ಮತ್ತು ತಂಡದವರು ಹಾಡಿದ ಮಲೆ ಮಾದೇಶ್ವರ ಕಾವ್ಯವನ್ನ ಸಾಹಿತ್ಯ ಅಕಾಡೆಮಿ ಇಂಗ್ಲಿಷಿಗೆ ತಂದಾಗ ಹಾಡಿದವರ ಹೆಸರು ಶೀರ್ಷಿಕೆಯಲ್ಲೇ ಬಂತು. ಕ್ಯಾಸೆಟ್ಟಿಗೆ, ಪುಸ್ತಕಕ್ಕೆ ಆಗಿದ್ದು ಯೂಟ್ಯೂಬಿಗೆ ಯಾಕಾಗಲ್ಲ? ಅಲ್ಲಿ ಹೆಸರು ಬರೆಯೋಕೆ ಜಾಗ ಬೇಕಾದಷ್ಟಿದೆ. ಆ ಜಾಗಗಳನ್ನ ಕಟ್ಟೋರೇ ನಾವು.

ಹಾಗಾಗಿ ಸರ್ಕಾರ ಏನು ಮಾಡಬೇಕು, ಅಕಾಡೆಮಿ ಏನು ಮಾಡಬೇಕು ಅಂತ ನಾನು ಇಲ್ಲಿ ಬರೆಯಲ್ಲ. ನೀವು ನಾನು ಮಾಡಬಹುದಾದ್ದು ಹೇಳ್ತೀನಿ. ವಿಡಿಯೋ ಹಾಕೋದಾದ್ರೆ ಮೊದಲು ಹಾಕಬಹುದಾ ಅಂತ ಕೇಳಿ, ಹಾಡಿದವರ ಹೆಸರು ಊರು ಬರೀರಿ, ಅವರು ಒಪ್ಪಿದ್ರೆ ಫೋನ್ ನಂಬರನ್ನೂ. ಆಫೀಸಿಗೋ ಅಪಾರ್ಟ್‌ಮೆಂಟಿಗೋ ಕರೆಸೋದಾದ್ರೆ ಡಿಜೆಗೆ ಕೊಟ್ಟ ಹಾಗೆ ಅರ್ಧ ಮುಂಚೆ, ಉಳಿದರ್ಧ ಅವತ್ತೇ ಕೊಡಿ. ಆ ಫಾರ್ಮುಗಳನ್ನ ಕರೆದವರೇ ತುಂಬಿ, ಕಾರ್ಯಕ್ರಮಕ್ಕೆ ಮುಂಚೆ ತುಂಬಿ. ಏಳು ನಿಮಿಷ ಮಾತ್ರ ಇದ್ರೆ ದಯವಿಟ್ಟು ಕರೀಬೇಡಿ. ರೆಕಾರ್ಡ್ ಮಾಡಿ ಮಾರೋದಾದ್ರೆ ಒಂದು ಕಾಗದದಲ್ಲಿ ಪಾಲು ಎಷ್ಟು ಅಂತ ಬರೆದು, ಅವರಿಗೆ ಓದಿ ಹೇಳಿ, ಒಂದು ಪ್ರತಿ ಅವರ ಕೈಗೂ ಕೊಡಿ.

ಅವತ್ತು ಮುತ್ತತ್ತಿಯಲ್ಲಿ ಕೊನೆಗೂ ಹೋಗಿ ಅವರ ಮುಂದೆ ಕೂತೆ. ನೋಡಿದ ತಕ್ಷಣ ಗುರುತು ಹಿಡಿದ್ರು. "ಏನ್ ಮಗ, ಅವಾಗ್ಲೇ ನೋಡ್ದಿ, ಆ ಕಡಿಕೋದಲ್ಲ?" ಅಂದ್ರು. ನಾಚಿಕೆಯಿಂದ ಸತ್ತೆ. ದುಡ್ಡು ಇನ್ನೂ ಬಂದಿಲ್ಲ ಅಣ್ಣ, ನನ್ನ ಕೈಯಿಂದ ಕೊಟ್ಟುಬಿಡ್ತೀನಿ ಅಂದೆ. ತಂಬೂರಿ ಪಕ್ಕಕ್ಕಿಟ್ಟು ಅಂದ್ರು, "ನೀ ಯಾಕಪ್ಪ ಕೊಟ್ಟೀಯೆ? ಆಡ್ಸಿದ್ದು ಅವರು ತಾನೆ? ಅವರೇ ಕೊಡ್ಲಿ. ಸಿದ್ದಪ್ಪಾಜಿಗೆ ಅಲಗೂರಲ್ಲಿ ಸುಮ್ಕೆ ಕಬ್ಣ ಕೊಟ್ರಾ? ಈಸ್ಕಂಡೇ ಎದ್ದಿದ್ದು."

ಅವತ್ತಿಂದ ನಾನೂ ಪ್ರತಿ ಸೋಮವಾರ ಫೈನಾನ್ಸ್‌ನವರಿಗೆ ಒಂದು ಮೇಲ್ ಹಾಕ್ತಿದೀನಿ. ಇದನ್ನ ಬರೆಯೋ ಹೊತ್ತಿಗೆ ಐದು ಆಗಿದೆ.

ಇಷ್ಟೆಲ್ಲ ಹೆಸರು ಹೆಸರು ಅಂತ ಬಡ್ಕೊಂಡು ಅವರ ಹೆಸರನ್ನೇ ಬರೆದಿಲ್ಲವಲ್ಲ ಅಂತ ಕೇಳ್ತೀರಿ. ಬರೀಲಾ ಅಂತ ಅವರನ್ನೇ ಕೇಳಿದ್ದೆ. "ಈಗ ಬ್ಯಾಡ ಕಣಪ್ಪ. ದುಡ್ಡು ಕೇಳೋನು ಅಂತ ಗೊತ್ತಾದ್ರೆ ಇನ್ನೊಬ್ರು ಕರಿಯಕಿಲ್ಲ. ಅದು ಕೈಗೆ ಬರಗಂಟ ತಡಿ. ಬಂದೇಟ್ಗೆ ಊರೆಸ್ರು, ಗುರುವಿನೆಸ್ರು ಎಲ್ಲನೂವೆ ಸೇರ್ಸಿ ದಪ್ಪಕ್ಸರದಲ್ಲಿ ಬರಿ" ಅಂದ್ರು.