ಬಣ್ಣ ಮಾಸಿತು, ರೋಗ ಮಾಸಿತೇ?



ಕಳೆದ ತಿಂಗಳು ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಕಾಲಿಗೆರಗಿ, ಕುಶಲ ವಿಚಾರಿಸಿ, ಚೀಲದಿಂದ ಡಬ್ಬಿಯೊಂದನ್ನು ಹೊರತೆಗೆದ. "ಸಾರ್, ಗ್ಯಾನೊಡರ್ಮಾ ಅಣಬೆಯ ಕ್ಯಾಪ್ಸೂಲ್. ಆಂಟಿಆಕ್ಸಿಡೆಂಟುಗಳ ಗಣಿ. ಇದಿದ್ದರೆ ಬಿ.ಪಿ. ಮಾತ್ರೆಯೇ ಬೇಡ" ಎಂದ. ನನ್ನ ಸೋದರತ್ತೆಯ ಮಗ ಇಂಥದೇ ಮಾತನ್ನು ನಂಬಿ ಮಾತ್ರೆ ಬಿಟ್ಟವನು. ಮೂರನೆಯ ತಿಂಗಳಲ್ಲಿ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದ. ಆದ್ದರಿಂದ ಈ ವಿಷಯದಲ್ಲಿ ಮೌನ ನನಗೆ ಸಲ್ಲದು.

ಅಣಬೆಯಲ್ಲಿ ಉತ್ಕರ್ಷಣ ನಿರೋಧಕಗಳಿವೆ ಎಂಬುದು ಸುಳ್ಳಲ್ಲ. ಎರ್ಗೋಥಯೋನೀನ್ ಎಂಬ ಅಂಥ ವಸ್ತುವನ್ನು ಫ್ರಾನ್ಸಿನ ಶಾರ್ಲ್ ತಾನ್ರೆ 1909ರಲ್ಲೇ ಶಿಲೀಂಧ್ರವೊಂದರಲ್ಲಿ ಗುರುತಿಸಿದರು. ಆದರೆ ಅದು ತರಕಾರಿ ಅಂಗಡಿಯ ಚಿಪ್ಪು ಅಣಬೆಯಲ್ಲೂ ಧಾರಾಳವಾಗಿದೆ. ಪಲ್ಯ ಮಾಡಿ ಉಣ್ಣಿರಿ, ಸಂತೋಷ.

ನನ್ನ ಆಕ್ಷೇಪ ಅಣಬೆಯ ಮೇಲಲ್ಲ, ಅದರ ಹೆಸರಿನಲ್ಲಿ ನಡೆಯುವ ತರ್ಕದ ಮೇಲೆ. ಡಿಪಿಪಿಎಚ್ ಎಂಬ ಕಡುನೇರಳೆ ದ್ರಾವಣಕ್ಕೆ ಅಣಬೆಯ ಸಾರವನ್ನು ಬೆರೆಸುತ್ತಾರೆ. ನೇರಳೆ ಮಾಸಿ ಹಳದಿಯಾದಷ್ಟೂ ನಿರೋಧಕ ಶಕ್ತಿ ಹೆಚ್ಚೆಂದು ಲೆಕ್ಕ. ಆದರೆ ಪ್ರನಾಳಕ್ಕೆ ಜಠರವಿದೆಯೇ? ಯಕೃತ್ತಿದೆಯೇ? ಪ್ರನಾಳದ ಅಂಕಿಗಳು ದೇಹದೊಳಗಿನ ಪರಿಣಾಮವನ್ನು ಸೂಚಿಸುವುದಿಲ್ಲವೆಂದೇ ಅಮೆರಿಕದ ಕೃಷಿ ಇಲಾಖೆಯು ಆಹಾರಗಳ ಇಂಥದೊಂದು ಅಂಕಪಟ್ಟಿಯನ್ನು 2012ರಲ್ಲಿ ಹಿಂತೆಗೆದುಕೊಂಡಿತು.

"ಲಾಭವಿಲ್ಲದಿದ್ದರೂ ನಷ್ಟವೇನು?" ಎನ್ನುವವರು ಫಿನ್ಲೆಂಡಿನತ್ತ ನೋಡಲಿ. ಅಲ್ಲಿ 29,133 ಧೂಮಪಾನಿ ಪುರುಷರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 1994ರಲ್ಲಿ ಪ್ರಕಟವಾಯಿತು. ಉತ್ಕರ್ಷಣ ನಿರೋಧಕವೆಂದೇ ಹೊಗಳಿಸಿಕೊಂಡಿದ್ದ ಬೀಟಾ ಕೆರೊಟಿನ್ ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ತಗ್ಗುವ ಬದಲು ಶೇ. 18ರಷ್ಟು ಹೆಚ್ಚಿತ್ತು! ಗ್ಯಾನೊಡರ್ಮಾದ ಮಟ್ಟಿಗೆ ಹೇಳುವುದಾದರೆ, ಸಕ್ಕರೆ ಕಾಯಿಲೆಯವರ ಹೃದ್ರೋಗದ ಅಪಾಯವನ್ನು ತಗ್ಗಿಸಲು ಅದನ್ನು ಬಳಸುವುದಕ್ಕೆ ಆಧಾರವಿಲ್ಲವೆಂದು 2015ರ ಕಾಕ್ರೇನ್ ವಿಮರ್ಶೆ ತಿಳಿಸಿತು. ಚೀನಾದಲ್ಲಿ ಶತಮಾನಗಳಿಂದ ಬಳಸುತ್ತಾರೆಂಬುದು ಅದನ್ನು ಪರೀಕ್ಷಿಸಲು ಕಾರಣವಾದೀತೇ ಹೊರತು ನಂಬಲು ಅಲ್ಲ.

ಡಬ್ಬಿಯನ್ನು ಹಿಂದಿರುಗಿಸಿದೆ. ಅವನ ಮುಖ ಬಾಡಿತು. ಸಾಲ ಮಾಡಿ ಆ ವ್ಯಾಪಾರಕ್ಕೆ ಸೇರಿದ್ದನಂತೆ. ಅವನ ಮೇಲೆ ನನಗೆ ಮುನಿಸಿಲ್ಲ. ಪರ್ಮಾಂಗನೇಟಿನ ಬಣ್ಣ ಮಾಸುವುದನ್ನು ಅವನಿಗೆ ತರಗತಿಯಲ್ಲಿ ತೋರಿಸಿದವನು ನಾನೇ. ಒಂದು ಪ್ರಯೋಗ ಏನನ್ನು ಸಿದ್ಧಪಡಿಸುತ್ತದೆ ಎಂಬುದನ್ನು ಕಲಿಸಿದೆ. ಏನನ್ನು ಸಿದ್ಧಪಡಿಸುವುದಿಲ್ಲ ಎಂಬುದನ್ನು ಕಲಿಸಲು ಮರೆತೆನೇನೋ. ಆ ಬಾಕಿ ಪಾಠ ಇದು.

ವೈದ್ಯರನ್ನು ಕೇಳದೆ ಯಾರೂ ಮಾತ್ರೆ ಬಿಡಬೇಡಿ. ನಿಮ್ಮ ಮೇಷ್ಟರ ಈ ಮಾತೊಂದನ್ನು ನಡೆಸಿಕೊಡಿ.