ಹೊರಟು ಬರಬಹುದಿತ್ತಲ್ಲ?

'ಹೋಟೆಲ್ ಕೂಲ್ಗಾರ್ಡಿ' ಅಂತ ಒಂದು ಡಾಕ್ಯುಮೆಂಟರಿ ಇದೆ, ಪೀಟ್ ಗ್ಲೀಸನ್ ಮಾಡಿದ್ದು, 2016ರದು. ನೋಡಿಲ್ಲದಿದ್ದರೆ ಹುಡುಕಿ ನೋಡಿ. ಬ್ಯಾಗು ಬೆನ್ನಿಗೇರಿಸಿ ದೇಶ ಸುತ್ತಲು ಹೊರಟ ಫಿನ್‌ಲ್ಯಾಂಡಿನ ಇಬ್ಬರು ಹುಡುಗಿಯರು ದಾರಿಯಲ್ಲಿ ದುಡ್ಡು ಕಳೆದುಕೊಂಡು, ಆಸ್ಟ್ರೇಲಿಯಾದ ಕೂಲ್ಗಾರ್ಡಿಯ ಪಬ್ಬೊಂದರಲ್ಲಿ ಕೆಲಸಕ್ಕೆ ಸೇರುತ್ತಾರೆ. ಪರ್ತ್‌ನಿಂದ ಸುಮಾರು 550 ಕಿಲೋಮೀಟರ್. 1892ರಲ್ಲಿ ಚಿನ್ನ ಸಿಕ್ಕಿ ಜನ ಮುಗಿಬಿದ್ದ ಊರು, ಈಗ ಸಾವಿರ ಜನಾನೂ ಇಲ್ಲ. ಸಂಜೆಯಾದರೆ ಗಂಡಸರೆಲ್ಲ ಪಬ್ಬಿನಲ್ಲಿ. ಹೊಸ ಹುಡುಗಿಯರು ಬಂದಿದ್ದಾರೆ ಅನ್ನೋದೇ ಊರಿಗೆ ಸುದ್ದಿ.

ಇದೇ ಕತೆಯಿಂದ ಕಿಟ್ಟಿ ಗ್ರೀನ್ 2023ರಲ್ಲಿ 'ದಿ ರಾಯಲ್ ಹೋಟೆಲ್' ಸಿನಿಮಾ ಮಾಡಿದರು. ಚೆನ್ನಾಗಿದೆ, ಆದರೆ ಥ್ರಿಲ್ಲರ್ ಮಾಡಿಬಿಟ್ಟಿದ್ದಾರೆ. ನನಗೆ ಹೆಚ್ಚು ಭಯ ಹುಟ್ಟಿಸಿದ್ದು ಡಾಕ್ಯುಮೆಂಟರಿಯೇ. ದಿನಾ ಅದೇ ಪೋಲಿ ಜೋಕು, ಅದೇ ಬೈಗುಳ. ನಗದಿದ್ದರೆ 'ಇವಳಿಗೆ ಕೊಬ್ಬು' ಅನ್ನೋ ಮಾತು.

ಆಫೀಸಿನಲ್ಲಿ ಇದರ ಬಗ್ಗೆ ಹೇಳಿದಾಗ ಗೆಳೆಯನೊಬ್ಬ ಕೇಳಿದ: "ಅಷ್ಟು ಕಷ್ಟ ಇದ್ರೆ ಹೊರಟು ಬರಬಹುದಿತ್ತಲ್ಲ ಮಗಾ?"

ಹೇಗೆ ಬರೋದು? ನಾವು ಪೇಪರ್ ಹಾಕಿದರೆ ಪಿ.ಜಿ. ರೂಮು ಹಾಗೇ ಇರುತ್ತೆ, ಮುಂದಿನ ಕಂಪನಿ ರಿಂಗ್ ರೋಡಿನ ಆ ಬದಿಗೆ. ಅಲ್ಲಿ ಸಂಬಳ ಕೊಡುವವನೇ ಮನೆ ಓನರ್ರು, ಮಲಗೋದು ಅದೇ ಪಬ್ಬಿನಲ್ಲಿ. ಕುಡಿದು ಗಲಾಟೆ ಮಾಡಿದವನೇ ನಾಳೆ ಬೀದಿಯಲ್ಲಿ ಎದುರಾಗುವವನು. ಕೆಲಸ ಬಿಟ್ಟ ರಾತ್ರಿಯೇ ಹಾಸಿಗೆಯೂ ಹೋಯ್ತು, ಕೈಯಲ್ಲಿ ಕಾಸಿಲ್ಲ, ಪಕ್ಕದ ಕಲ್ಗೂರ್ಲಿಗೆ 40 ಕಿಲೋಮೀಟರ್. ಹುಡುಗಿಯರ ಧೈರ್ಯ ಅಳೆಯೋ ಮೊದಲು ಈ ಲೆಕ್ಕ ಹಾಕಬೇಡವೇ?

ಇದಕ್ಕೆ ಸರ್ಕಾರದ ಒತ್ತಾಸೆ ಬೇರೆ. ಈ ವೀಸಾ ಎರಡನೇ ವರ್ಷಕ್ಕೂ ಬೇಕೆಂದರೆ ದೂರದ ಊರುಗಳಲ್ಲಿ ಮೂರು ತಿಂಗಳು, ಅಂದರೆ 88 ದಿನ, ಗೊತ್ತುಮಾಡಿದ ಕೆಲಸ ಮಾಡಿರಬೇಕು. 2021ರಿಂದ ಇಂಥ ಕಡೆಗಳ ಪಬ್ಬು, ಹೋಟೆಲ್ ಕೆಲಸವೂ ಲೆಕ್ಕಕ್ಕೆ ಬಂತು. 70ನೇ ದಿನ ಯಾವನೋ ಕೈ ಹಿಡಿದೆಳೆದರೆ ಅವಳು ಎಣಿಸೋದು ಉಳಿದ 18 ದಿನಗಳನ್ನೇ. ಬ್ರಿಟನ್ ಪಾಸ್‌ಪೋರ್ಟಿನವರಿಗೆ 2024ರ ಜುಲೈನಿಂದ ಈ ಷರತ್ತು ತೆಗೆದರು. ವ್ಯಾಪಾರ ಒಪ್ಪಂದದ ಕೃಪೆ! ಅವರಿಗೆ ತೆಗೆಯಬಹುದಾದರೆ ಎಲ್ಲರಿಗೂ ತೆಗೆಯಬಹುದು, ತೆಗೆಯಲೇಬೇಕು ಅನ್ನೋದು ನನ್ನ ವಾದ. ಆ ಊರುಗಳಿಗೆ ಕೆಲಸಗಾರರು ಬೇಕಿದ್ದರೆ ಒಳ್ಳೆ ಸಂಬಳ, ಬೇರೆ ವಸತಿ ಕೊಟ್ಟು ಕರೆಯಲಿ.

ನಮಗ್ಯಾಕೆ ಅಂತೀರಾ? 2024ರಿಂದ ಭಾರತೀಯರಿಗೂ ಈ ಬಾಗಿಲು ತೆರೆದಿದೆ. ವರ್ಷಕ್ಕೆ 1000 ಜನ, 18ರಿಂದ 30 ವಯಸ್ಸಿನವರು, ಲಾಟರಿಯಲ್ಲಿ ಆಯ್ಕೆ. ಹುಡುಗಿಯರು ಹೋಗಬಾರದು ಅಂತ ಖಂಡಿತ ಹೇಳ್ತಿಲ್ಲ, ಆ ಉಪದೇಶಕ್ಕೆ ಇಲ್ಲಿ ಬೇಕಾದಷ್ಟು ಹಿರಿಯರಿದ್ದಾರೆ :) ಕೆಲಸ ಒಪ್ಪಿಕೊಳ್ಳೋ ಮೊದಲೇ ಉಳಿಯೋಕೆ ಬೇರೆ ಜಾಗ, ವಾಪಸ್ ಬರೋಕೆ ಬಸ್ಸಿನ ದುಡ್ಡು ಇದೆಯಾ ನೋಡಿಕೊಳ್ಳಿ ಅಂತಷ್ಟೇ.

ನಿಮ್ಮಲ್ಲಿ ಯಾರಾದರೂ ಈ ವೀಸಾದಲ್ಲಿ ಹೋಗಿದ್ದರೆ ಬರೀರಿ. ಮುಖ್ಯವಾಗಿ, ವಸತಿ ಹೇಗಿತ್ತು ಅನ್ನೋದನ್ನ.