ತಂತ್ರಾಂಶ ಕಟ್ಟುವವರ ಮಾತು

ಪ್ರೋಗ್ರಾಮ್ ಬರೆಯುವ ಕೆಲಸಕ್ಕೆ ಇಂಗ್ಲಿಷ್ ಒಂದಿದ್ದರೆ ಸಾಕು, ತಾಯ್ನುಡಿ ಮನೆಮಟ್ಟಿಗೆ ಎಂಬ ನಂಬಿಕೆ ನಮ್ಮ ಎಂಜಿನಿಯರುಗಳಲ್ಲಿ ಗಟ್ಟಿಯಾಗಿ ಬೇರೂರಿದೆ. ರೂಬಿ ಎಂಬ ಪ್ರೋಗ್ರಾಮಿಂಗ್ ಭಾಷೆ ಬೆಳೆದ ಬಗೆ ಬೇರೆಯದನ್ನೇ ಹೇಳುತ್ತದೆ. ಯುಕಿಹಿರೊ ಮತ್ಸುಮೊಟೊ ಅದನ್ನು 1995ರಲ್ಲಿ ಜಪಾನಿನಲ್ಲಿ ಹೊರತಂದರು. ಮೊದಲ ವರ್ಷಗಳಲ್ಲಿ ಅದರ ಚರ್ಚೆ, ತಕರಾರು, ತಿದ್ದುಪಡಿಗಳು ಹೆಚ್ಚಾಗಿ ನಡೆದದ್ದು ಜಪಾನಿ ಭಾಷೆಯಲ್ಲೇ. ಇಂಗ್ಲಿಷಿನಲ್ಲಿ ಪುಸ್ತಕ ಬಂದದ್ದು 2000ದಲ್ಲಿ. 2004ರಲ್ಲಿ ಡೆನ್ಮಾರ್ಕಿನ ಡೇವಿಡ್ ಹೈನೆಮೈರ್ ಹಾನ್ಸನ್ ಅದರ ಮೇಲೆ ರೇಲ್ಸ್ ಎಂಬ ವೆಬ್ ಚೌಕಟ್ಟನ್ನು ಕಟ್ಟಿಕೊಟ್ಟಾಗ ರೂಬಿ ಜಗತ್ತಿನ ತುಂಬ ಹಬ್ಬಿತು. ಜಪಾನಿ ಬರಹಕ್ಕೆ ಅಕ್ಷರಗಳನ್ನು ಅಂಕಿಗಳಾಗಿ ಕೂಡಿಡುವ ಹಲವು ಎನ್‌ಕೋಡಿಂಗ್‌ಗಳು ಒಟ್ಟಿಗೇ ಬಳಕೆಯಲ್ಲಿದ್ದವು. ಆ ಪಾಡನ್ನು ದಿನವೂ ಉಂಡವರು ಕಟ್ಟಿದ್ದರಿಂದಲೇ, 2007ರ 1.9ನೇ ಆವೃತ್ತಿಯಿಂದ ರೂಬಿಯಲ್ಲಿ ಪ್ರತಿಯೊಂದು ಪಠ್ಯವೂ ತನ್ನ ಎನ್‌ಕೋಡಿಂಗ್ ಯಾವುದೆಂಬ ಗುರುತನ್ನು ಜೊತೆಗೇ ಹೊತ್ತಿರುತ್ತದೆ.

ಕನ್ನಡದಲ್ಲೂ ಇಂಥದ್ದು ನಡೆದಿದೆ. ಬೆರಳಚ್ಚು ಯಂತ್ರದಲ್ಲಿ ಅಕ್ಷರದ ತುಂಡುಗಳನ್ನು, ಕೊಂಬು ಒತ್ತುಗಳನ್ನು ಬಿಡಿಬಿಡಿಯಾಗಿ ಕುಟ್ಟಬೇಕಿತ್ತು. ಕಂಪ್ಯೂಟರಿಗೆ ಕನ್ನಡ ಕೀಲಿಮಣೆ ರೂಪಿಸಿದ ಕೆ.ಪಿ. ರಾವ್ ಅದಕ್ಕೆ ಆಕಾರವನ್ನು ಬಿಟ್ಟು ಉಚ್ಚಾರಣೆಯ ಕ್ರಮ ಹಿಡಿದರು. ‘ಸ್ತ್ರೀ’ ಬೇಕಿದ್ದರೆ ಸ, ತ, ರ, ಈ ಒತ್ತಿ, ವ್ಯಂಜನಗಳ ನಡುವೆ ಎಫ್ ಕೀಲಿ ಹಾಕಿದರಾಯಿತು. ಒತ್ತಕ್ಷರ ಕೂಡಿಸುವುದು ಯಂತ್ರದ ಪಾಲು. ಕಾಗುಣಿತ ಬಲ್ಲವರಿಗೆ ಮಾತ್ರ ಹೊಳೆಯಬಹುದಾದ ಉಪಾಯ ಅದು. ಸರ್ಕಾರ ಒಪ್ಪಿಕೊಂಡ ನುಡಿ ತಂತ್ರಾಂಶದಲ್ಲಿರುವುದೂ ಅದೇ ವಿನ್ಯಾಸ. ಅದೇ ‘ಸ್ತ್ರೀ’ ಓದುವವರ ಕಣ್ಣಿಗೆ ಒಂದೇ ಅಕ್ಷರ, ಇಂದಿನ ಎಷ್ಟೋ ಪ್ರೋಗ್ರಾಮುಗಳ ಲೆಕ್ಕದಲ್ಲಿ ಆರು. ಅಕ್ಷರಮಿತಿ ಇಟ್ಟ ಅರ್ಜಿಗಳಲ್ಲಿ ಕನ್ನಡದ ಹೆಸರು ಅರ್ಧಕ್ಕೇ ತುಂಡಾಗುವುದು ಹೀಗೆ.

ಬೆಂಗಳೂರಿನ ತಂಡಗಳಲ್ಲಿ ಹತ್ತು ಭಾಷೆಯವರಿದ್ದಾರೆ, ಜಪಾನಿನ ಹೋಲಿಕೆ ಇಲ್ಲಿ ಸಲ್ಲದು ಎನ್ನುವವರ ಮಾತಿನಲ್ಲಿ ಹುರುಳಿದೆ. ಕಚೇರಿಯ ದಾಖಲೆ ಇಂಗ್ಲಿಷಿನಲ್ಲೇ ಇರಲಿ. ರೂಬಿಯ ಆಜ್ಞಾಪದಗಳೂ ಇಂಗ್ಲಿಷೇ. ಇಂಗ್ಲಿಷ್ ಪುಸ್ತಕ ಬಾರದಿದ್ದರೆ ರೂಬಿ ಜಪಾನಿನ ಗಡಿ ದಾಟುವುದು ಕಷ್ಟವಿತ್ತು ಎಂಬುದನ್ನೂ ಒಪ್ಪೋಣ. ಆದರೆ ಗಡಿ ದಾಟಿಸುವ ಮೊದಲು ಸರಕು ಹದವಾಗಬೇಕು. ಅದು ಹದವಾದದ್ದು ಜಪಾನಿ ಮಾತುಕತೆಯಲ್ಲಿ. ಕನ್ನಡದ ಅಕಾರಾದಿ ವಿಂಗಡಣೆ, ಹುಡುಕಾಟ, ಕಾಗುಣಿತ ತಿದ್ದುವಿಕೆ ಹೇಗಿರಬೇಕೆಂದು ತಂತ್ರಾಂಶ ಬರೆಯುವವರು ಕನ್ನಡದಲ್ಲೇ ಕೂತು ವಾದಿಸುವುದು ನಮ್ಮಲ್ಲಿ ಅಪರೂಪ; ವಾದಿಸಿದರೂ ಬರಹಕ್ಕೆ ಇಳಿದದ್ದು ಕಡಿಮೆ. ಕಾವ್ಯವನ್ನು ವಿಮರ್ಶಿಸುವಷ್ಟೇ ಶ್ರದ್ಧೆಯಿಂದ ಒಂದು ಪ್ರೋಗ್ರಾಮಿನ ಗುಣದೋಷ ಚರ್ಚಿಸುವ ಲೇಖನಗಳಿಗೆ ಈ ಪತ್ರಿಕೆ ಇನ್ನು ಮುಂದೆ ಜಾಗ ಕೊಡಲಿದೆ. ಕೋಡ್ ಬರೆಯುವವರೇ ಅವನ್ನು ಬರೆದು ಕಳಿಸಬೇಕೆಂದು ಕೇಳಿಕೊಳ್ಳುತ್ತೇವೆ.